ಭಾವ ಬಿಡು ಅಂದದ್ದು

ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಾರೆ ಡಾಕ್ಟರಮ್ಮ, ಕಳೆದ ವಾರ ಇರಲಿಲ್ಲ, ತೋರುಬೆರಳಿನ ತುದಿಗೆ ಕಂದು ಬಣ್ಣದ ಸಣ್ಣ ಪಟ್ಟಿ, ತರಕಾರಿ ಹೆಚ್ಚುವಾಗ ಕೊಯ್ದುಕೊಂಡರೋ ಏನೋ, ಊರವರ ತಲೆ ರಿಪೇರಿ ಮಾಡುವವರಿಗೂ ಬೆರಳು ಕೊಯ್ಯುತ್ತದೆ ಅಂದರೆ ಒಂಥರಾ ಸಮಾಧಾನ — ಆ ಬೆರಳು ನನ್ನ ಕಣ್ಣೆದುರು ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ತಲೆ ಅಲ್ಲಾಡಿಸಬೇಡಿ, ಕಣ್ಣು ಮಾತ್ರ, ಅನ್ನುತ್ತಾರೆ, ಕಣ್ಣು ಮಾತ್ರ ಅಂದರೆ ಈ ಕಣ್ಣಿಗೆ ಅಭ್ಯಾಸವೆಲ್ಲಿದೆ, ಇಪ್ಪತ್ತೆರಡು ವರ್ಷ ಲಿಫ್ಟಿನ ಬಾವಿಯೊಳಗೆ ಟಾರ್ಚು ಬಿಟ್ಟು ಮೇಲೆ ಕೆಳಗೆ ನೋಡಿದ ಕಣ್ಣು, ಅಡ್ಡಡ್ಡ ಓಡು ಅಂದರೆ ಎಮ್ಮೆಯ ಹಾಗೆ ಮೊಂಡಾಟ ಮಾಡುತ್ತದೆ, ನೀರು ತುಂಬಿಕೊಳ್ಳುತ್ತದೆ, ಅಳು ಅಲ್ಲ ಇದು, ಬರೀ ನೀರು, ಅಳುವುದಕ್ಕೂ ಒಂದು ಕಸುವು ಬೇಕಲ್ಲ. ಮಂಗಳವಾರ ಮಂಗಳವಾರ ಎಲ್ಲಿಗೆ ಹೋಗ್ತೀರಿ ಇಬ್ಬರೂ, ಎಂದು ಪಕ್ಕದ ಮನೆಯ ಅಜ್ಜಿ ಕೇಳಿದ್ದಕ್ಕೆ ನನ್ನ ಹೆಂಡತಿ ಇವರ ಕಣ್ಣಿಗೆ ಟ್ರೀಟ್‌ಮೆಂಟು ಅಂದಳಂತೆ, ಅಯ್ಯೋ ಪಾಪ ಪೊರೆಯಾ, ಅಂದಳಂತೆ ಅಜ್ಜಿ, ಹೂಂ ಪೊರೆ ಅಂದುಬಿಟ್ಟಳಂತೆ ಇವಳು, ಅವತ್ತು ಸಂಜೆ ಅದನ್ನು ಹೇಳಿ ಇವಳು ನಕ್ಕಳು, ನಾನೂ ನಗಬೇಕಿತ್ತು, ತುಟಿ ಎಳೆದೆ, ಅವಳು ನಗು ನಿಲ್ಲಿಸಿದಳು. ಭಾವ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು, ಸ್ನಾನಕ್ಕೆ ಹೋಗಿ ಅಂತ ಮೂರು ಸಲ ಹೇಳಿಸಿಕೊಳ್ಳುತ್ತೇನೆ, ಫೋನು ಹೊಡೆದುಕೊಂಡರೆ ಎದೆ ಬಾಯಿಗೆ ಬರುತ್ತದೆ, ಅಂಗಿಯ ಗುಂಡಿ ಹಾಕುತ್ತಾ ಮಧ್ಯದಲ್ಲಿ ಯಾಕೆ ಹಾಕುತ್ತಿದ್ದೇನೆ ಅನ್ನುವುದೇ ಮರೆತು ಮಂಚದ ಅಂಚಿನಲ್ಲಿ ಕೂರುತ್ತೇನೆ, ಕೂತರೆ ಮಧ್ಯಾಹ್ನವಾಗುತ್ತದೆ, ಮೊದಲಿನ ಡಾಕ್ಟರು ಚೀಟಿಯಲ್ಲಿ ಖಿನ್ನತೆ, ಆತಂಕ ಎಂದು ಎರಡು ಪದ ಬರೆದು ಮಾತ್ರೆ ಕೊಟ್ಟರು, ಮಾತ್ರೆಯಿಂದ ನಿದ್ದೆ ಬಂತು, ನಿದ್ದೆಯೊಳಗೂ ಅದೇ ಬಂತು. ಒಂದು ದಿನ ನೋಡುತ್ತೇನೆ, ಮೊಳೆಯಲ್ಲಿದ್ದ ನನ್ನ ಕೀ ಗೊಂಚಲು ಇಲ್ಲ, ಊರಿನ ಅರ್ಧ ಕಟ್ಟಡಗಳ ತಾರಸಿಯ ಬಾಗಿಲು ತೆಗೆಯುವ ಗೊಂಚಲು, ಎಲ್ಲೇ ಅದು ಅಂದರೆ ನಾನೇ ತೆಗೆದಿಟ್ಟಿದೀನಿ, ನಿಮಗೀಗ ಯಾಕೆ, ಅಂದಳು ಹೆಂಡತಿ, ನನ್ನ ಮುಖ ನೋಡದೆ, ಮಾರನೆಯ ದಿನವೇ ಇಲ್ಲಿಗೆ ಕರೆದುಕೊಂಡು ಬಂದಳು.

ಏನು ಬಂತು, ಅನ್ನುತ್ತಾರೆ ಡಾಕ್ಟರಮ್ಮ, ಬೆರಳು ನಿಂತಿದೆ. ಎಮ್ಮೆ ಬಂತು ಅನ್ನಲೇ. ಏನಿಲ್ಲ ಮೇಡಂ, ಕಣ್ಣು ಉರೀತಿದೆ. ಸರಿ, ಉಸಿರು ಎಳ್ಕೊಳ್ಳಿ, ಬಿ— ಅನ್ನುತ್ತಾ ನಿಲ್ಲಿಸುತ್ತಾರೆ, ಎರಡನೇ ವಾರವೇ ಹೇಳಿದ್ದೆ ಅವರಿಗೆ, ಆ ಒಂದು ಪದ ಬೇಡ ಮೇಡಂ, ಉಸಿರನ್ನು ಏನು ಬೇಕಾದರೂ ಮಾಡಿಸಿ, ಆ ಪದ ಮಾತ್ರ ಬೇಡ, ಈಗ ನಾಲ್ಕನೆಯ ವಾರ, ಅವರಿಗೂ ನಾಲಿಗೆಯ ತುದಿಗೆ ಬಂದುಬಿಡುತ್ತದೆ, ಯಾರಿಗೆ ಬರುವುದಿಲ್ಲ, ಹೋಗ್ಲಿ ಬಿಡು, ಆಗಿದ್ದಾಯ್ತು ಬಿಡು, ಅಳಬೇಡ ಬಿಡು, ಎಲ್ಲರ ಬಾಯಲ್ಲೂ ಅದೇ, ಭಾವ ತೀರಿಕೊಂಡ ಮನೆಯಲ್ಲಿ ಆ ಹದಿಮೂರು ದಿನ ಬಂದವರೆಲ್ಲ ನನ್ನ ಭುಜ ತಟ್ಟಿ ಅದನ್ನೇ ಹೇಳಿ ಹೋದರು. ಮೊದಲ ದಿನ ಇವರು ವಿವರಿಸಿದ್ದರು, ಕೆಲವು ನೆನಪು ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನ ಹಾಗೆ, ಮೇಲೂ ಬರಲ್ಲ, ಕೆಳಗೂ ಇಳಿಯಲ್ಲ, ಅದನ್ನು ನೆನೆಸಿಕೊಂಡು ಕಣ್ಣು ಆಡಿಸ್ತಾ ಹೋದರೆ ಮೆಲ್ಲಗೆ ಜರುಗುತ್ತೆ, ಎಲ್ಲರಿಗೂ ಅಂತ ಹೇಳಲ್ಲ, ಬಹಳ ಜನಕ್ಕೆ. ಎರಡು ಮಹಡಿ ನಡುವೆ ನಿಂತ ಲಿಫ್ಟು ಅನ್ನಿ ಅಂದಿದ್ದೆ, ನಕ್ಕು, ಹಾಗೇ ಅನ್ಕೊಳ್ಳಿ ಅಂದಿದ್ದರು — ಅವರಿಗೇನು ಗೊತ್ತು, ನಿಂತ ಲಿಫ್ಟನ್ನು ಜರುಗಿಸುವುದೇ ನನ್ನ ಕೆಲಸ, ಜರುಗಿಸಿಯೇ ಕೊಂದದ್ದು.

ಕೆಲಸ ಕಲಿಸಿದ್ದು ಭಾವ, ಹೆಂಡತಿಯ ಅಣ್ಣ, ಮದುವೆಗೆ ಮೊದಲೇ ನನಗೆ ಗುರು, ತಂಗಿಯನ್ನು ಕೊಟ್ಟದ್ದೂ ಅವನೇ, ಇವನ ಕೈ ನಡುಗಲ್ಲ ಕಣಮ್ಮ, ಧೈರ್ಯವಾಗಿ ಕೊಡಬಹುದು, ಎಂದು ಅತ್ತೆಗೆ ಹೇಳಿದ್ದನಂತೆ. ತೊಂಬತ್ತು ಕಿಲೋ ಆಳು, ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಮಾತ್ರ ಬೆಕ್ಕಿನ ಹಾಗೆ ಓಡಾಡುತ್ತಿದ್ದ, ಕೆಟ್ಟ ಲಿಫ್ಟನ್ನೆಲ್ಲ ಮಾತಾಡಿಸುತ್ತಿದ್ದ, ಏನಮ್ಮಾ, ಇವತ್ತೂ ಮುನಿಸಾ, ಅತ್ತೆ ಬೈದ್ರಾ, ಎಂದು ಬಾಗಿಲು ತಟ್ಟುತ್ತಿದ್ದ, ಕಟ್ಟಡದವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆದರೆ ಒಂದು ವಿಷಯದಲ್ಲಿ ತಮಾಷೆ ಇಲ್ಲ. ಒಬ್ಬ ಮೇಲೆ ಮೋಟಾರ್ ಕೋಣೆಯಲ್ಲಿ ಬ್ರೇಕು ಎತ್ತುವ ಸನ್ನೆಕೋಲು ಹಿಡಿದು ನಿಂತಿರುತ್ತಾನೆ, ಇನ್ನೊಬ್ಬ ಕೆಳಗೆ ಪೆಟ್ಟಿಗೆಯ ಮೇಲಿರುತ್ತಾನೆ, ಒಬ್ಬರಿಗೊಬ್ಬರು ಕಾಣುವುದಿಲ್ಲ, ಹಗ್ಗ ಇಳಿಯುವ ತೂತಿನಲ್ಲಿ ಕೂಗುವುದಷ್ಟೇ, ಅದಕ್ಕೆ ಮೇಲಿನವನು ಕೇಳಬೇಕು, ಬಿಡ್ಲಾ, ಕೆಳಗಿನವನು ಹೇಳಬೇಕು, ಬಿಡು, ಮೇಲಿನವನು ಮತ್ತೆ ಕೇಳಬೇಕು, ಬಿಡ್ಲಾ, ಮತ್ತೆ ಬಿಡು ಅಂದ ಮೇಲೆಯೇ ಸನ್ನೆ ಎತ್ತಬೇಕು. ಎರಡು ಸಲ. ಒಂದು ಸಲದ ಮಾತು ಮಾತಲ್ಲ ಕಣೋ, ಅದು ಕೆಮ್ಮು ಇದ್ದ ಹಾಗೆ, ಅನ್ನುತ್ತಿದ್ದ ಭಾವ. ಬ್ರೇಕು ಎತ್ತಿದರೆ ಲಿಫ್ಟು ಕೆಳಗೆ ಬೀಳುತ್ತದೆ ಎಂದುಕೊಳ್ಳುತ್ತಾರೆ ಜನ, ಇಲ್ಲ, ಎದುರಿಗೆ ನೇತಾಡುವ ತೂಕದ ಕಟ್ಟು ಖಾಲಿ ಪೆಟ್ಟಿಗೆಗಿಂತ ಭಾರ, ಅದು ಇಳಿಯುತ್ತದೆ, ಪೆಟ್ಟಿಗೆ ಮೇಲಕ್ಕೇ ಹೋಗುತ್ತದೆ, ಸದ್ದಿಲ್ಲದೆ, ಬೆಣ್ಣೆಯ ಹಾಗೆ.

ಆ ಚಿತ್ರಕ್ಕೇ ಬನ್ನಿ, ಅನ್ನುತ್ತಾರೆ ಡಾಕ್ಟರಮ್ಮ, ಎಲ್ಲಿದ್ದೀರಿ. ಮೋಟಾರ್ ಕೋಣೆ, ಮಧ್ಯಾಹ್ನ, ತಗಡಿನ ಸೂರು ಕಾದಿದೆ, ಗ್ರೀಸಿನ ವಾಸನೆ, ಬಲಗೈಯಲ್ಲಿ ಸನ್ನೆ. ಮೈಯಲ್ಲಿ ಎಲ್ಲಿ ಗೊತ್ತಾಗ್ತಿದೆ. ಇಲ್ಲಿ, ಮೊಣಕೈಯಿಂದ ಕೆಳಗೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಹತ್ತು. ಬೆರಳು ನೋಡಿ — ಎಡಕ್ಕೆ, ಬಲಕ್ಕೆ, ಪಟ್ಟಿಯ ಅಂಚು ಸ್ವಲ್ಪ ಎದ್ದಿದೆ, ಎಡಕ್ಕೆ, ಬಲಕ್ಕೆ, ಬೆಳಗ್ಗೆ ಏನಾಯಿತು, ಬೆಳಗ್ಗೆ ಕಟ್ಟಡದ ಮ್ಯಾನೇಜರ ಮುಂದೆ ಭಾವ ನನಗೆ ಅಂದಿದ್ದ, ಇಷ್ಟು ವರ್ಷ ಆಯ್ತು, ಇನ್ನೂ ಆ ನಟ್ಟು ತಿರುಗಿಸೋಕೆ ಬರಲ್ವಲ್ಲಪ್ಪಾ ನಿನಗೆ, ತಮಾಷೆಗೇ ಅಂದದ್ದು, ಮ್ಯಾನೇಜರು ನಕ್ಕ, ನನಗೆ ಮೈ ಉರಿಯಿತು, ನಲವತ್ತಾರು ವರ್ಷದ ಗಂಡಸು ನಾನು, ಮುಖ ಊದಿಸಿಕೊಂಡೇ ಮೇಲೆ ಹತ್ತಿ ಹೋಗಿದ್ದೆ, ಕೆಳಗೆ ಆರು ಏಳನೇ ಮಹಡಿಯ ನಡುವೆ ಪೆಟ್ಟಿಗೆ, ಅದರ ಮೇಲೆ ಭಾವ, ಲಿಫ್ಟನ್ನು ಮಾತಾಡಿಸುತ್ತಿದ್ದಾನೆ, ನಾನು ಮಾತಾಡುತ್ತಿಲ್ಲ, ಎಷ್ಟು ಹೊತ್ತು ಇವನ ಸರಸ, ಬೇಗ ಮುಗಿಸಬಾರದಾ, ಕೈ ಸೋಲುತ್ತಿದೆ, ಬಿಡು ಎಂದು ಕೇಳಿಸಿತು, ಎತ್ತಿದೆ, ಪೆಟ್ಟಿಗೆ ಮೇಲೆ ಬಂತು, ಗೋಡೆಯ ಅಡ್ಡ ತೊಲೆಗೂ ಪೆಟ್ಟಿಗೆಗೂ ನಡುವೆ ಅವನು — ಅವನು ಕೂಗಲೂ ಇಲ್ಲ, ಸನ್ನೆಯಲ್ಲಿ ಗೊತ್ತಾಯಿತು ನನಗೆ, ಹಗ್ಗದಿಂದ ಗಾಲಿಗೆ, ಗಾಲಿಯಿಂದ ಬ್ರೇಕಿಗೆ, ಬ್ರೇಕಿನಿಂದ ಈ ಕೈಗೆ, ಮೆತ್ತಗೆ ಏನೋ ತಡೆದ ಹಾಗೆ.

ಡಾಕ್ಟರಮ್ಮ ಬೆರಳು ನಿಲ್ಲಿಸುತ್ತಾರೆ. ನೀರಿನ ಲೋಟ ಮುಂದೆ ಇಡುತ್ತಾರೆ. ಎಂದಿನ ಆ ಪ್ರಶ್ನೆಗೆ ಬರುತ್ತಾರೆ, ಆ ಚಿತ್ರ ಬಂದಾಗ ನಿಮ್ಮ ಬಗ್ಗೆ ಏನು ಅನ್ನಿಸುತ್ತೆ, ಕೊಂದೆ ಅನ್ನಿಸುತ್ತೆ ಮೇಡಂ, ಅದರ ಬದಲು ಏನು ಅನ್ನಿಸಿದ್ರೆ ಒಳ್ಳೇದು ಅಂದಿದ್ರಿ. ಕಳೆದ ವಾರ ಇಬ್ಬರೂ ಸೇರಿ ಹುಡುಕಿಟ್ಟಿದ್ದೆವು ಒಂದು ವಾಕ್ಯ, ನಾನು ಮಾಡಬೇಕಾದ್ದನ್ನು ಮಾಡಿದ್ದೆ, ಎಂದು, ಅವರಿಗೆ ಅದು ಸರಿಯಾಗಿ ಕಂಡಿತ್ತು, ಯಾಕೆ ಕಾಣಬಾರದು, ತನಿಖೆಯವರಿಗೆ ಹೇಳಿದ್ದನ್ನೇ ನಾನು ಇವರಿಗೂ ಹೇಳಿದ್ದೆ, ಎರಡು ಸಲ ಕೇಳಿದೆ, ಎರಡು ಸಲವೂ ಬಿಡು ಅಂದ, ಆಮೇಲೆ ಬಗ್ಗಿದ್ದು ಅವನ ತಪ್ಪು, ತನಿಖೆಯವರು ಹಾಗೇ ಬರೆದುಕೊಂಡರು, ಮೃತನ ಅಜಾಗರೂಕತೆ, ನಾನೇ ಸಹಿ ಹಾಕಿದೆ, ಕೈ ನಡುಗಲಿಲ್ಲ. ಹದಿಮೂರನೆಯ ದಿನ ಅತ್ತೆ, ಮಗನನ್ನು ಕಳೆದುಕೊಂಡ ಮುದುಕಿ, ನನ್ನ ಎರಡೂ ಕೈ ಹಿಡಿದುಕೊಂಡು, ಅವನು ಚಿಕ್ಕಂದಿನಿಂದ ಹಾಗೇ ಕಣಪ್ಪ, ಆತುರಗೇಡಿ, ನಿನ್ನ ಕೈಯಲ್ಲಿ ಹೀಗೆ ಮಾಡಿಸಿಕೊಂಡು ಹೋದ, ಅವನ ಮೇಲೆ ಕೋಪ ಇಟ್ಕೋಬೇಡ, ಅಂದಳು. ಅವಳು ನನ್ನನ್ನು ಕ್ಷಮೆ ಕೇಳಿದಳು. ನಾನು ಹೂಂ ಅಂದೆ. ಆ ಹೂಂ ಇದೆಯಲ್ಲ, ಅದಕ್ಕೆ ಯಾವ ಡಾಕ್ಟರ ಹತ್ತಿರ ಯಾವ ಬೆರಳಿದೆ. ಇನ್ನೊಂದು ಸುತ್ತು ಹೋಗೋಣ್ವಾ, ಸಾಕು ಅನ್ನಿಸಿದರೆ ಕೈ ಎತ್ತಿ, ಅನ್ನುತ್ತಾರೆ, ಎಡಕ್ಕೆ, ಬಲಕ್ಕೆ, ತಗಡಿನ ಸೂರು, ಎಡಕ್ಕೆ, ಸರಸ, ಬಲಕ್ಕೆ, ಕೈ ಸೋಲುತ್ತಿದೆ, ಎಡಕ್ಕೆ — ಠಣ್. ಇದೇನಿದು, ಠಣ್, ಮತ್ತೆ ಇನ್ನೂ ಕೆಳಗೆ ಠಣ ಠಣ, ತಳದ ಗುಂಡಿಯವರೆಗೆ ಬಡಿದುಕೊಂಡು ಹೋದ ಸದ್ದು, ಇದಿರಲಿಲ್ಲ, ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ಇದಿರಲಿಲ್ಲ, ಸ್ಪ್ಯಾನರು, ಅವನ ಕೈಯಿಂದ ಸ್ಪ್ಯಾನರು ಜಾರಿತು, ಥೂ ಅಂದ, ಆಮೇಲೆ ಅಂದ, ಹೋಗ್ಲಿ ಬಿಡು. ಲಿಫ್ಟಿಗೆ ಅಂದ. ತನಗೇ ಅಂದುಕೊಂಡ. ಬಿದ್ದದ್ದು ಎಲ್ಲಿ ಎಂದು ನೋಡಲು ಬಗ್ಗಿದ. ನನಗೆ ಪೂರಾ ಕೇಳಿಸಿತ್ತು, ಠಣ್ ಕೇಳಿಸಿತ್ತು, ಥೂ ಕೇಳಿಸಿತ್ತು, ಹೋಗ್ಲಿ ಎಂಬುದೂ ಕೇಳಿಸಿತ್ತು, ಬಿಡು ಎಂಬುದನ್ನು ಮಾತ್ರ ಇಟ್ಟುಕೊಂಡು ಉಳಿದದ್ದೆಲ್ಲ ಎಲ್ಲಿಗೆ ಎಸೆದಿದ್ದೆ ನಾನು — ಕೈ ಎತ್ತುತ್ತೇನೆ, ಮೇಡಂ ಸಾಕು, ಸಾಕು, ಬಿಡ್ಲಾ ಅಂತ ನಾನು ಕೇಳಲಿಲ್ಲ ಮೇಡಂ, ಒಂದು ಸಲವೂ ಕೇಳಲಿಲ್ಲ, ಅವನ ಹತ್ತಿರ ಮಾತು ಬಿಟ್ಟಿದ್ದೆ, ಅದಕ್ಕೇ ಕೇಳಲಿಲ್ಲ.

ಡಾಕ್ಟರಮ್ಮ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಬೈಯಲಿ ಅನ್ನಿಸುತ್ತದೆ, ಬೈಯುವುದಿಲ್ಲ, ಅಯ್ಯೋ ಅನ್ನುವುದೂ ಇಲ್ಲ. ಹಾಗಾದ್ರೆ ಆ ವಾಕ್ಯ ಬೇಡ, ಸುಳ್ಳನ್ನ ನಿಮ್ಮ ಬಾಯಿಗೆ ತುರುಕೋಕೆ ನಾನು ಇಲ್ಲಿ ಕೂತಿಲ್ಲ, ಅನ್ನುತ್ತಾರೆ. ಇದನ್ನ ಅಳಿಸಿಬಿಡಿ ಮೇಡಂ, ಇನ್ನೂ ಜೋರಾಗಿ ಆಡಿಸಿ ಬೆರಳನ್ನ, ಅನ್ನುತ್ತೇನೆ ನಾನು, ಅಳಿಸೋಕೆ ಬರಲ್ಲ, ನಡೆದದ್ದು ನಡೆದ ಹಾಗೇ ಇರುತ್ತೆ, ದಿನಾ ಹೊಸದಾಗಿ ನಡೀದೆ ಇರಲಿ, ಅಷ್ಟನ್ನ ಪ್ರಯತ್ನ ಮಾಡಬಹುದು. ಈಗ ಎಷ್ಟು. ಹತ್ತೇ. ಹತ್ತೇ, ಸರಿ, ಎಂದು ಬರೆದುಕೊಳ್ಳುತ್ತಾರೆ, ಕಾಲು ನೆಲಕ್ಕೆ ಊರಿ, ಕೋಣೆಯಲ್ಲಿ ಕಾಣೋ ಐದು ವಸ್ತು ಹೇಳಿ, ಕುರ್ಚಿ, ಪರದೆ, ಲೋಟ, ಗಡಿಯಾರ, ಬಾಗಿಲು — ಬಾಗಿಲ ಹತ್ತಿರ ನಿಲ್ಲುತ್ತದೆ ಕಣ್ಣು, ಅವರಿಗೆ ಗೊತ್ತಾಗುತ್ತದೆ, ಇವತ್ತೇ ಹೇಳಬೇಕು ಅಂತೇನಿಲ್ಲ, ಮುಂದಿನ ವಾರ ನಿಮ್ಮ ಮನೆಯವರನ್ನೂ ಒಳಗೆ ಕರೆಯೋಣ, ಮೂವರೂ ಕೂತು ಮಾತಾಡೋಣ, ಅಲ್ಲೀವರೆಗೆ ಏನೇ ಅನ್ನಿಸಿದರೂ ನನಗೆ ಫೋನ್ ಮಾಡಿ, ಮಾಡ್ತೀರಲ್ಲ, ಅನ್ನುತ್ತಾರೆ, ಹೂಂ ಅನ್ನುತ್ತೇನೆ, ಮತ್ತೊಂದು ಹೂಂ. ಒಂದು ವಾರ, ಏಳು ದಿನ ಅವಳ ಎದುರು ಕೂತು ಊಟ ಮಾಡಬೇಕು, ನಿನ್ನ ಅಣ್ಣ ಹೇಗೆ ಸತ್ತ ಎಂದು ಡಾಕ್ಟರಿಗೆ ಗೊತ್ತು, ನಿನಗೆ ಗೊತ್ತಿಲ್ಲ, ಎಂದುಕೊಂಡು ಅವಳು ಬಡಿಸಿದ್ದನ್ನು ಉಣ್ಣಬೇಕು.

ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ ಹೆಂಡತಿ, ಹೊಲಿಗೆ ಅಂಗಡಿಯಿಂದ ತಂದ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಾಳೆ, ಬಾಯಲ್ಲಿ ಎರಡು ಗುಂಡುಪಿನ್ನು, ಆಯ್ತಾ, ಅನ್ನುತ್ತಾಳೆ ಪಿನ್ನಿನ ಸಂದಿಯಿಂದ, ಮುಖ ಯಾಕೆ ಹೀಗಾಗಿದೆ, ಕೂತ್ಕೊಳ್ಳಿ, ಎಂದು ಪಕ್ಕಕ್ಕೆ ಸರಿಯುತ್ತಾಳೆ, ನಾನು ಕೂರುವುದಿಲ್ಲ, ಕೂತರೆ ಮಧ್ಯಾಹ್ನವಾಗುತ್ತದೆ, ನಿಂತೇ ಹೇಳುತ್ತೇನೆ, ನಿಮ್ಮಣ್ಣನ ತಪ್ಪಿಲ್ಲ ಕಣೇ, ನಾನು ಕೇಳಲಿಲ್ಲ, ಸ್ಪ್ಯಾನರು ಬಿತ್ತು, ಹೋಗ್ಲಿ ಬಿಡು ಅಂತ ತನಗೆ ತಾನೇ ಅಂದ, ನಾನು ಸಿಟ್ಟಲ್ಲಿದ್ದೆ, ವಾಪಸ್ ಕೇಳದೆ ಎತ್ತಿಬಿಟ್ಟೆ, ತನಿಖೆಯಲ್ಲಿ ಸುಳ್ಳು ಹೇಳಿದೆ, ನಿಮ್ಮಮ್ಮನಿಗೆ ಸುಳ್ಳು ಹೇಳಿದೆ, ನಿನಗೂ — ಹೇಳಿ ಮುಗಿಯುತ್ತದೆ, ಎಷ್ಟು ಬೇಗ ಮುಗಿಯಿತು. ಅವಳು ಬಾಯಿಂದ ಪಿನ್ನು ತೆಗೆಯುತ್ತಾಳೆ, ಒಂದನ್ನು ತೆಗೆದು ಬಟ್ಟೆಗೆ ಚುಚ್ಚುತ್ತಾಳೆ, ಇನ್ನೊಂದನ್ನು ತೆಗೆದು ಚುಚ್ಚುತ್ತಾಳೆ, ಅಳುತ್ತಾಳೆ ಎಂದು ಕಾಯುತ್ತೇನೆ, ಹೊಡೆಯಲಿ ಎಂದು ಕಾಯುತ್ತೇನೆ, ಬೆಂಚಿನ ಆ ತುದಿಯಲ್ಲಿ ಕೂತಿದ್ದ ಯಾರೋ ಎದ್ದು ದೂರ ಹೋಗುತ್ತಾರೆ. ಕೇಳಿದ್ದಿದ್ರೆ, ಅನ್ನುತ್ತಾಳೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ, ನೀವು ಕೇಳಿದ್ದಿದ್ರೆ ಎಷ್ಟು ಹೊತ್ತಾಗ್ತಿತ್ತು. ಏನು ಅನ್ನುತ್ತೇನೆ. ಬಿಡ್ಲಾ ಅಂತ ಕೇಳೋಕೆ, ಎಷ್ಟು ಹೊತ್ತು. ಎರಡು ಸೆಕೆಂಡು, ಅನ್ನುತ್ತೇನೆ. ಅವಳು ನನ್ನನ್ನು ನೋಡುತ್ತಿಲ್ಲ, ಎದುರಿನ ಬಿಳಿ ಗೋಡೆಯನ್ನು ನೋಡುತ್ತಿದ್ದಾಳೆ, ತುಟಿ ಆಡುತ್ತಿದೆ, ಸದ್ದಿಲ್ಲ, ಒಂದು, ಎರಡು, ಅಷ್ಟಕ್ಕೇ ನಿಲ್ಲುತ್ತದೆ, ಮತ್ತೆ ಆಡುತ್ತದೆ, ಅಳತೆ ಸರಿಯಿದೆಯಾ ಎಂದು ನೋಡುವವಳ ಹಾಗೆ, ಮನೆಗೆ ಹೋಗೋಣ ಬಾ ಅನ್ನಬೇಕು, ಅವಳ ಒಣಗಿದ ಕೆಳತುಟಿ, ಪಿನ್ನು ಒತ್ತಿದ ಗುರುತು ಇನ್ನೂ ಇದೆ ಅದರ ಮೇಲೆ, ಆಡುತ್ತಿದೆ, ಒಂದು, ಎರಡು, ಆ ತುಟಿ, ಒಂದು, ಎರಡು, ತುಟಿ, ಒಂದು —