ಹೃದಯದ ಮೇಲೆ ಕಪ್ಪು

ಮೊಣಕೈವರೆಗೂ ಸೋಪು ಹಚ್ಚಿ ಉಜ್ಜುತ್ತಲೇ ಇದ್ದಾನೆ, ಸಾಕು ಬನ್ರೀ, ಚರ್ಮ ಕಿತ್ತುಬರುತ್ತೆ ಎಂದು ಮಗಳನ್ನು ಸೋಂಕು ತಗುಲದಂತೆ ಇಟ್ಟಿರುವ ಕೋಣೆಯ ಗಾಜಿನಾಚೆಯಿಂದ ಹೆಂಡತಿ, ಬರಲಿ, ಮತ್ತೆ ಕೂಡಿಕೊಳ್ಳುತ್ತೆ, ತನ್ನದು ಕೂಡಿಕೊಳ್ಳುತ್ತೆ, ಮಗಳದ್ದು — ಡಾಕ್ಟರಮ್ಮ ಬೆಳಿಗ್ಗೆ ಬಿಡಿಸಿ ಹೇಳಿದ್ದರು, ರೋಗದ ಜೊತೆ ಕಾದಾಡುವ ಕಣಗಳು ಬೆಳೆಯುವಾಗ ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿ ಬೇರೆ ಥರ ಜೋಡಿಸಿಕೊಳ್ಳುತ್ತವಂತೆ, ಕತ್ತರಿಸೋದು ನಿಮ್ಮ ಮಗೂಗೂ ಬರುತ್ತೆ, ಜೋಡಿಸೋದು ಬರಲ್ಲ, ಅದಕ್ಕೇ ಆ ಕಣಗಳೇ ಇಲ್ಲ, ಅದಕ್ಕೇ ನಾಲ್ಕು ತಿಂಗಳ ಕೂಸಿಗೆ ಬಿಡದ ಕೆಮ್ಮು, ಎಕ್ಸ್‌ರೇನೂ ಡಿಎನ್‌ಎ ಕತ್ತರಿಸುತ್ತೆ, ಅದೂ ಇವಳಲ್ಲಿ ಕೂಡಿಕೊಳ್ಳಲ್ಲ, ಕಿರಣದ ವಿಷಯ ನಿಮಗೆ ಹೇಳ್ಕೊಡಬೇಕಾ, ನೀವೇ ಎಕ್ಸ್‌ರೇ ತೆಗೆಯೋರು. ಬೇಕಿರಲಿಲ್ಲ. ಹನ್ನೊಂದು ವರ್ಷ ಕಿರಣ ತಡೆಯುವ ಸೀಸದ ಏಪ್ರನ್ ಹೊತ್ತ ಬೆನ್ನು ತನ್ನದು, ಮಗಳ ಎದೆಯ ಚಿತ್ರ ತೆಗೆದ ದಿನವೂ ಹೊತ್ತಿದ್ದ, ಕೂಸಿನ ಕೈ ಮೇಲೆತ್ತಿ ಹಿಡಿದಿದ್ದ ಹಿರಿಯ ಟೆಕ್ನಿಷಿಯನ್ನೂ ಹೊತ್ತಿದ್ದ, ಕೂಸಿನ ಎದೆಗೆ ಮಾತ್ರ ಏನೂ ಇರಲಿಲ್ಲ, ಗುಂಡಿ ಒತ್ತಿದ, ಪರದೆಯ ಮೇಲೆ ಪಕ್ಕೆಲುಬು, ಹೃದಯ, ಹೃದಯದ ಮೇಲೆ ದೋಣಿಯ ಹಾಯಿಯಂಥ ಬಿಳಿ ನೆರಳು ಬೀಳಬೇಕು, ಎಲ್ಲ ಕೂಸುಗಳಿಗೂ ಬೀಳುತ್ತೆ, ಆ ಕಣಗಳು ಬೆಳೆಯುವ ಗ್ರಂಥಿಯ ನೆರಳು, ಅಲ್ಲಿ ಬರೀ ಕಪ್ಪು, ಮಗು ಹೊರಳಿರಬೇಕು ಅಂದುಕೊಂಡ, ಸರಿಯಾಗಿ ಹಿಡ್ಕೊಳ್ಳಿ ಅಣ್ಣ ಎಂದು ಗದರಿದ, ಅಪ್ಪನ ಹಾಗೇ ಕಣೋ, ಫೋಟೋ ಅಂದ್ರೆ ಮುಖ ತಿರುಗಿಸುತ್ತೆ ಎಂದು ಅವನು ನಕ್ಕಿದ್ದ, ಮತ್ತೆ ಒತ್ತಿದ, ಕಪ್ಪು, ಮತ್ತೆ, ಕಪ್ಪು — ಬೇರೆಯವರ ಮಗುವಾಗಿದ್ದರೆ ಒಂದಕ್ಕೇ ಬಿಡುತ್ತಿದ್ದ, ಮುಂದಿನವರನ್ನು ಕರೆಯುತ್ತಿದ್ದ, ತನ್ನ ಮಗಳದ್ದು ಚೆನ್ನಾಗಿ ಬರಲೆಂದು ನಾಲ್ಕು ಸಲ. ಕೆಟ್ಟ ಚಿತ್ರ ಅಳಿಸಿಬಿಡುವುದು ಇಲ್ಲಿಯ ರೂಢಿ, ಪುಸ್ತಕದಲ್ಲಿ ಬರೆದದ್ದು ಒಂದೇ. ಇನ್ನು ಹತ್ತು ನಿಮಿಷಕ್ಕೆ ಡಾಕ್ಟರಮ್ಮ ಬರುತ್ತಾರೆ, ಎಷ್ಟು ಸಲ ತೆಗೆದ್ರಿ ಎಂದು ಕೇಳುತ್ತಾರೆ, ಅಸ್ಥಿಮಜ್ಜೆ ಕಸಿಗೆ ಮುಂಚೆ ಕೊಡುವ ಔಷಧಿಯೂ ಡಿಎನ್‌ಎಗೇ ಏಟು ಹಾಕುತ್ತಂತೆ, ಆಗಲೇ ಬಿದ್ದಿರುವ ಏಟು ಎಷ್ಟೆಂದು ಅವರಿಗೆ ಗೊತ್ತಿರಬೇಕು, ಗೊತ್ತಾದರೆ ಹೆಂಡತಿಗೂ ಗೊತ್ತಾಗುತ್ತೆ, ಆಮೇಲೆ ಅವಳು ಈ ಕೈಯಿಂದ ಮಗು ಮುಟ್ಟಲು ಬಿಡುತ್ತಾಳೋ ಇಲ್ಲವೋ, ಪಕ್ಕದ ನಲ್ಲಿ ತಿರುಗಿಸಿ ಆ ಹಿರಿಯ ಟೆಕ್ನಿಷಿಯನ್ ನಿಂತಿದ್ದಾನೆ, ಕೈ ತೊಳೆಯುತ್ತಿಲ್ಲ, ನೀರಿನ ಸದ್ದಿನಲ್ಲಿ ಮಾತು ಆಚೆ ಕೇಳಿಸದಿರಲೆಂದಷ್ಟೇ, ಪುಸ್ತಕದಲ್ಲಿ ಒಂದೇ ಇದೆ ತಮ್ಮಾ ಎನ್ನುತ್ತಾನೆ, ಒಂದು ಅಂತ್ಲೇ ಹೇಳು, ನಾನೂ ಹಾಗೇ ಹೇಳ್ತೀನಿ, ಇಬ್ಬರ ಕೆಲಸಾನೂ ಉಳಿಯುತ್ತೆ, ನಿನ್ನ ಸಂಸಾರಾನೂ ಉಳಿಯುತ್ತೆ — ಪಕ್ಕೆಲುಬು, ಹೃದಯ, ಹೃದಯದ ಮೇಲೆ ಕಪ್ಪು, ಒಂದೇ ಅಂತೀಯಾ ತಾನೇ, ಕಪ್ಪು, ನೋಡೋ ಈ ಕಡೆ, ಕಪ್ಪು, ಕಪ್ಪು —

ಇಲ್ಲ ಅಣ್ಣ. ಒಂದು ಅಂತ ಹೇಳಲ್ಲ.