ಸೋಫಾದ ಬಲತೋಳು

ಸೋಫಾ ಮೇಸ್ತ್ರಿಯ ಜಂಬ ಇಡೀ ಬೀದಿಗೇ ಗೊತ್ತಿತ್ತು. ಇಪ್ಪತ್ತೆಂಟು ವರ್ಷಗಳಲ್ಲಿ ತಾನು ಹೊಲಿದು ಕಳಿಸಿದ ಒಂದೇ ಒಂದು ಸೋಫಾ ತಿರುಗಿ ಬಂದಿಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಸುಳ್ಳೇನೂ ಅಲ್ಲ. ಅವನ ಕೆಲಸದಲ್ಲಿ ಒಂದು ಶಿಸ್ತಿತ್ತು. ಸೋಫಾವನ್ನು ಬೋರಲು ಹಾಕಿ ತಳದ ಬಟ್ಟೆ ಮುಚ್ಚುವ ಮೊದಲು ಎರಡೂ ತೋಳುಗಳ ಪೊಳ್ಳಿನೊಳಗೆ ಭುಜದವರೆಗೆ ಕೈ ಇಳಿಸಿ ತಡಕಲೇಬೇಕು. ಹಾಗೆ ತಡಕಿದಾಗ ಬಾಚಣಿಗೆ, ಬೀಗದ ಕೈ, ಒಂಟಿ ಕಿವಿಯೋಲೆ, ಒಮ್ಮೆಯಂತೂ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತ್ತು. ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ ಸೋಫಾದ ಜೊತೆಗೇ ಮನೆಯವರಿಗೆ ಒಪ್ಪಿಸುತ್ತಿದ್ದ.

ಆ ದಿನ ಬೆಳಿಗ್ಗೆ ಗಣಿತದ ಮೇಡಂ ಮನೆಯ ಸೋಫಾದ ಎಡತೋಳಿನೊಳಗೆ ಅವನ ಕೈಗೆ ತಗುಲಿದ್ದು ಬೆಚ್ಚಗಿತ್ತು, ಮಿಸುಕುತ್ತಿತ್ತು. ಹೊರಗೆ ತೆಗೆದು ನೋಡಿದರೆ ಕಣ್ಣು ಬಿಡದ ಬೆಕ್ಕಿನ ಮರಿ. ಅಂಗಡಿಯ ಸುತ್ತಮುತ್ತ ಓಡಾಡಿಕೊಂಡಿದ್ದ ಬೂದಿ ಬಣ್ಣದ ಬೆಕ್ಕು ಎರಡು ದಿನದಿಂದ ಯಾಕೆ ಕಾಣಿಸಿರಲಿಲ್ಲ ಎಂಬುದು ಆಗ ಹೊಳೆಯಿತು. ಇನ್ನೊಂದು ತೆಗೆದ. ಮತ್ತೊಂದು ತೆಗೆಯುವಷ್ಟರಲ್ಲಿ ತಾಯಿ ಎಲ್ಲಿಂದಲೋ ಹಾರಿಬಂದು ಅವನ ಬಲಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಗೀರಿ ಹಾಕಿತು.

"ಅಕ್ಕಾ!" ಎಂದು ಅವನು ಕಿರುಚಿದ್ದು ಮೂರು ಅಂಗಡಿಯಾಚೆಗೂ ಕೇಳಿಸಿತು.

ಅಕ್ಕ ಅಂಗಡಿಯ ಮೇಲಿನ ಮನೆಯಲ್ಲೇ ತಮ್ಮನ ಜೊತೆ ಇದ್ದಳು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ಅಲ್ಲಿಂದ ಅವಳಿಗೆ ಅಂಟಿಕೊಂಡ ಒಂದು ಗುಣವೆಂದರೆ ಎಲ್ಲವನ್ನೂ ಎರಡು ಸಲ ಕೇಳುವುದು. ಉಪ್ಪು ಹಾಕಿದೆಯಾ, ಹಾಕಿದೆಯಾ? ಗ್ಯಾಸ್ ಆರಿಸಿದೆಯಾ, ಆರಿಸಿದೆಯಾ? ಮೊದಲನೆಯದು ಮಾತಿಗೆ, ಎರಡನೆಯದು ಕಣ್ಣಲ್ಲಿ ಕಣ್ಣಿಟ್ಟು. ಎರಡನೆಯ ಪ್ರಶ್ನೆಗೆ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಇಳಿದು ಬಂದದ್ದೇ ತಡ, ಅಂಗಡಿ ವಾರ್ಡಾಗಿ ಹೋಯಿತು. ರಟ್ಟಿನ ಪೆಟ್ಟಿಗೆಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದಳು. ಹಳೆಯ ಹತ್ತಿ ದುಪ್ಪಟಿ ಮಡಿಸಿ ಹಾಸಿದಳು. ಮರಿಗಳನ್ನು ಅದರಲ್ಲಿಟ್ಟು ಮೆಟ್ಟಿಲು ಹತ್ತಿದಾಗ ಬೆಕ್ಕು ಅರಚುತ್ತಾ ಹಿಂದೆಯೇ ಹೋಯಿತು. ತನ್ನ ಕೋಣೆಯ ಬೀರುವಿನ ಮರೆಯಲ್ಲಿ ಪೆಟ್ಟಿಗೆ ಇಟ್ಟು, ಕಿಟಕಿಗೆ ಪರದೆ ಎಳೆದು, ಅನ್ನದ ತಟ್ಟೆಯನ್ನು ಹತ್ತಿರಕ್ಕೆ, ನೀರಿನ ಬಟ್ಟಲನ್ನು ಬಾಗಿಲ ಪಕ್ಕಕ್ಕೆ ಇಟ್ಟಳು. ಆಮೇಲೆ ತಮ್ಮನ ಕೈ ತೊಳೆದು, ಔಷಧಿ ಹಚ್ಚಿ, ದಿಂಬಿನಷ್ಟು ದಪ್ಪಕ್ಕೆ ಬ್ಯಾಂಡೇಜು ಸುತ್ತಿದಳು.

ಕೆಳಗೆ ಸೋಫಾ ಒಯ್ಯುವ ವ್ಯಾನು ಹಾರ್ನು ಹೊಡೆಯತೊಡಗಿತ್ತು.

ಬಲತೋಳು ನೋಡುವುದು ಬಾಕಿಯಿತ್ತು. ಮೇಸ್ತ್ರಿ ಕೈ ತೂರಿಸಿ ನೋಡಿದ, ಬ್ಯಾಂಡೇಜು ಮರದ ಪಟ್ಟಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಡಗೈ ಹಾಕಿದರೆ ಆ ಇಕ್ಕಟ್ಟಿನಲ್ಲಿ ಮೊಣಕೈ ಮಡಚಲಾಗಲಿಲ್ಲ. ಮೇಲಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟ. ಹಾರ್ನು ಬಿಟ್ಟರೆ ಏನೂ ಕೇಳಿಸಲಿಲ್ಲ. ಇದ್ದ ಮೂರೂ ಸಿಕ್ಕಿವೆಯಲ್ಲ ಎಂದುಕೊಂಡು ಪಿನ್ನು ಹೊಡೆದ, ಹೊಲಿಗೆ ಹಾಕಿದ, ಗಂಟು ಬಿಗಿದ.

ಮೇಡಂ ಮನೆಗೆ ಸೋಫಾ ಇಳಿಸಿ ಅವನು ಹಿಂತಿರುಗಿದಾಗ ಹನ್ನೆರಡಾಗಿತ್ತು. ಮೆಟ್ಟಿಲಿನಿಂದಲೇ ಬೆಕ್ಕಿನ ಕೂಗು ಕೇಳಿಸಿತು. ಅಕ್ಕ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಿದ್ದಳು.

"ಪೆಟ್ಟಿಗೆಯಲ್ಲಿ ಒಂದು ನಿಮಿಷ ಕೂರ್ತಿಲ್ಲ ಕಣೋ. ಒಳಗೆ ಹೋಗ್ತಾಳೆ, ಮೂಸ್ತಾಳೆ, ಹೊರಗೆ ಬರ್ತಾಳೆ. ಮರಿಗಳಿಗೆ ಇನ್ನೂ ಮೊಲೆ ಕೊಟ್ಟಿಲ್ಲ."

"ಹೊಸ ಜಾಗ ಅಲ್ವಾ, ಹೊಂದ್ಕೊಳ್ಳುತ್ತೆ ಬಿಡು."

ಅಕ್ಕ ತಲೆ ಎತ್ತಿದಳು. "ಎರಡೂ ತೋಳು ನೋಡಿದ್ಯಾ?"

ಮೇಸ್ತ್ರಿ ಚಪ್ಪಲಿ ಬಿಡಲು ಬಗ್ಗಿದ. "ನೋಡ್ದೆ."

"ನೋಡಿದ್ಯಾ?"

"ನೋಡ್ದೆ ಅಂದ್ನಲ್ಲಕ್ಕ! ಇಪ್ಪತ್ತೆಂಟು ವರ್ಷದಿಂದ ನೋಡ್ತಿದೀನಿ, ಇವತ್ತು ನಿನ್ನ ಹತ್ರ ಕಲೀಬೇಕಾ?"

ಅಕ್ಕ ನಂಬಿದಳು. ಅದೇ ಅವನಿಗೆ ಕುತ್ತಾಯಿತು. ಬೈದಿದ್ದರೆ ಅವನೂ ಬೈದು ಹಗುರಾಗುತ್ತಿದ್ದ. ನಂಬಿದ ಅಕ್ಕ ತಪ್ಪನ್ನು ತನ್ನಲ್ಲೇ ಹುಡುಕತೊಡಗಿದಳು. ದುಪ್ಪಟಿಯಲ್ಲಿ ಸೋಪಿನ ವಾಸನೆ ಇರಬೇಕೆಂದು ಬದಲಾಯಿಸಿದಳು. ಪೆಟ್ಟಿಗೆಯನ್ನು ಮಂಚದ ಕೆಳಗೆ ಸರಿಸಿದಳು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಮರಿಗಳ ಪಕ್ಕಕ್ಕಿಟ್ಟಳು. ಬೆಕ್ಕು ಯಾವುದಕ್ಕೂ ಒಲಿಯಲಿಲ್ಲ. ಬಾಗಿಲು ಕೆರೆಯುವುದು, ಅರಚುವುದು, ಮತ್ತೆ ಕೆರೆಯುವುದು. ಮರಿಗಳ ದನಿ ಬರಬರುತ್ತಾ ಸಣ್ಣದಾಯಿತು.

"ಹೀಗೇ ಆದ್ರೆ ಸಂಜೆಯೊಳಗೆ ಒಂದೂ ಉಳಿಯಲ್ಲ," ಎಂದಳು ಅಕ್ಕ. "ನಾನೇ ಎತ್ತಿ ತರಬಾರದಿತ್ತು. ನನ್ನ ಕೈಯಲ್ಲಿದ್ದ ಔಷಧಿ ವಾಸನೆ ಮರಿಗಳಿಗೆ ಹತ್ತಿದೆ. ಅದಕ್ಕೇ ಅವಳು ಬೇಡ ಅಂತಿದಾಳೆ."

ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ಮೇಸ್ತ್ರಿ ಅರ್ಧ ಗಂಟೆ ಕಳೆದ. ಒಂದು ಸುಳ್ಳಿಗೆ ಎರಡು ಸಲ ಹೂಂ ಅಂದವನ ಬಾಯಿ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಅಲ್ಲಿ ಏನೂ ಇಲ್ಲದಿದ್ದರೆ? ಸುಮ್ಮನೆ ಮಾನ ಕಳೆದುಕೊಳ್ಳುವುದು ಯಾಕೆ?

ಅಷ್ಟರಲ್ಲಿ ಬೆಕ್ಕು ಒಂದು ಮರಿಯ ಕುತ್ತಿಗೆ ಕಚ್ಚಿಕೊಂಡು ಬಾಗಿಲ ಬಳಿ ಬಂದು ನಿಂತಿತು.

"ತೆಗಿ," ಎಂದಳು ಅಕ್ಕ. "ಎಲ್ಲಿಗೆ ಹೋಗ್ತಾಳೋ ನೋಡೋಣ."

ಬೆಕ್ಕು ಸರಸರನೆ ಮೆಟ್ಟಿಲಿಳಿದು ಅಂಗಡಿಯೊಳಗೆ ಹೋಯಿತು. ಸೋಫಾ ಇದ್ದ ಜಾಗ ಖಾಲಿ ಬಿದ್ದಿತ್ತು. ಸ್ಪಂಜಿನ ಚೂರು, ದಾರದ ತುಂಡು, ಅಷ್ಟೆ. ಬೆಕ್ಕು ಅದರ ಸುತ್ತ ಒಂದು ಸುತ್ತು ಬಂತು. ಬಲತೋಳು ಇದ್ದ ಕಡೆ ಮರಿಯನ್ನು ಬರೀ ಸಿಮೆಂಟಿನ ಮೇಲೆ ಇಳಿಸಿತು. ನೆಲ ಮೂಸಿತು. ತಲೆಯೆತ್ತಿ ಮೇಸ್ತ್ರಿಯ ಮುಖ ನೋಡಿ ಕೂಗಿತು.

ಅವನು ಮರಿಯನ್ನು ಎತ್ತಿ ಅಕ್ಕನ ಕೈಗೆ ಕೊಟ್ಟ.

"ಅಕ್ಕ, ನಾನು ಸುಳ್ಳು ಹೇಳ್ದೆ. ಬಲತೋಳು ನೋಡಲಿಲ್ಲ. ಕೈ ಹೋಗ್ಲಿಲ್ಲ, ಹೊಲಿದುಬಿಟ್ಟೆ."

ಅಕ್ಕ ವಾರ್ಡಿನ ದನಿಯಲ್ಲಿ ಹೇಳಿದಳು: "ಬೈಯೋದು ಆಮೇಲೆ. ಓಡು. ಸಿಕ್ಕಿದ್ರೆ ಮೈ ತಣ್ಣಗಿರುತ್ತೆ. ಹಾಲುಗೀಲು ಬಾಯಿಗೆ ಹಾಕೋಕೆ ಹೋಗ್ಬೇಡ. ಅಂಗಿಯೊಳಗೆ ಎದೆಗೆ ಅಂಟಿಸ್ಕೊಂಡು ಬಾ."

ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಬ್ಯಾಂಡೇಜಿನ ಕೈಯಲ್ಲಿ ಬ್ರೇಕು ಹಿಡಿಯಲಾಗದೆ ಒಂದು ಸಿಗ್ನಲ್ಲಿನಲ್ಲಿ ಕಾಲನ್ನೇ ನೆಲಕ್ಕೆ ಉಜ್ಜಿ ನಿಲ್ಲಿಸಿದ.

ಮೇಡಂ ಬಾಗಿಲು ತೆರೆದರು. ಸೋಫಾದ ಮೇಲೆ ಮೂವರು ಕೂತಿದ್ದರು. ನಡುವೆ ಮೇಡಂ ತಂಗಿ, ಎಡಕ್ಕೆ ತಂಗಿಯ ಮಗಳು. ಬಲತೋಳಿನ ಮೇಲೆ ಮೊಣಕೈ ಊರಿಕೊಂಡು, ಚಹಾ ಹೀರುತ್ತಾ, ತಂಗಿಯ ಗಂಡ. ಆಳು ಎಂದರೆ ಇಬ್ಬರ ಜಾಗ ಬೇಡುವ ಆಳು.

"ಏಳಿ ಸಾರ್! ದಯವಿಟ್ಟು ಏಳಿ! ಮೊಣಕೈ ತೆಗೀರಿ!"

"ಏನ್ರೀ ಇದು, ಈಗಷ್ಟೇ ತಂದಿಟ್ಟು ಹೋದ್ರಿ," ಎಂದರು ಮೇಡಂ. ಬೋರ್ಡಿನ ಮುಂದೆ ತಪ್ಪು ಲೆಕ್ಕ ಮಾಡಿದವನನ್ನು ನೋಡುವ ಹಾಗಿತ್ತು ಅವರ ನೋಟ.

"ಹೊಲಿಗೆ ಬಿಚ್ಚಬೇಕು ಮೇಡಂ. ಒಳಗೆ ಬೆಕ್ಕಿನ ಮರಿ ಇರಬಹುದು. ನಾನು ನೋಡದೆ ಹೊಲಿದುಬಿಟ್ಟೆ. ನನ್ನದೇ ತಪ್ಪು."

ತಂಗಿಯ ಗಂಡ ಧಡಕ್ಕನೆ ಎದ್ದು ನಿಂತ. "ನಾನು ಹೇಳ್ಲಿಲ್ವಾ? ಕೂತಾಗಿಂದ ಕುಂಯ್ ಕುಂಯ್ ಅಂತಿತ್ತು. ಸ್ಪ್ರಿಂಗ್ ಸರಿಯಿಲ್ಲ ಅಂದೆ, ನೀವೆಲ್ಲ ನಕ್ರಿ!"

"ಈಗಲೂ ಅಂತಿದೆಯಾ ಸಾರ್?"

ತಂಗಿಯ ಗಂಡ ಬಗ್ಗಿ ತೋಳಿಗೆ ಕಿವಿಗೊಟ್ಟ. "ಇಲ್ಲ. ಸ್ವಲ್ಪ ಹೊತ್ತಾಯ್ತು, ನಿಂತುಹೋಗಿದೆ."

ಎಲ್ಲರೂ ಕೈಹಾಕಿ ಸೋಫಾವನ್ನು ಮೆಲ್ಲಗೆ ಬೋರಲು ಹಾಕಿದರು. ಮೇಸ್ತ್ರಿ ತನ್ನ ಹೊಲಿಗೆಯನ್ನು ತಾನೇ ಕತ್ತರಿಸಿದ. ಅದು ಎಷ್ಟು ಗಟ್ಟಿ ಹೊಲಿಗೆ ಎಂಬುದು ಅವನಿಗೆ ಅವತ್ತೇ ತಿಳಿದದ್ದು. ಒಂದೊಂದು ಗಂಟಿಗೂ ತನ್ನನ್ನೇ ಬೈದುಕೊಂಡ. ಬಟ್ಟೆ ಸರಿಸಿ ಕೈ ಹಾಕಿದರೆ ಮತ್ತೆ ಅದೇ ಸಂದಿ, ಅದೇ ಬ್ಯಾಂಡೇಜು. ಹಲ್ಲಿನಿಂದ ಗಂಟು ಕಚ್ಚಿ ಬ್ಯಾಂಡೇಜು ಕಿತ್ತೆಸೆದ. ಗಾಯ ಪಟ್ಟಿಗೆ ತರಚಿ ರಕ್ತ ಜಿನುಗಿತು. ಕೈ ಭುಜದವರೆಗೆ ಇಳಿಯಿತು.

ಸ್ಪಂಜು, ಮರ, ಒಂದು ಪೆನ್ನಿನ ಮುಚ್ಚಳ. ಆಮೇಲೆ ಮೂಲೆಯಲ್ಲಿ, ಒದ್ದೆ ಕಾಲುಚೀಲದಷ್ಟು ತಣ್ಣಗಿನ ಏನೋ ಒಂದು.

ಹೊರಗೆ ತೆಗೆದಾಗ ಅದು ಅಲುಗಲಿಲ್ಲ. ತಾಯಿಯದೇ ಬೂದಿ ಬಣ್ಣ. ಮೇಡಂ ತಂಗಿಯ ಮಗಳು ಅಳತೊಡಗಿದಳು. ಮೇಸ್ತ್ರಿ ಗುಂಡಿ ಬಿಚ್ಚಿ ಮರಿಯನ್ನು ಎದೆಗೆ ಅಂಟಿಸಿಕೊಂಡ. ಎದ್ದವನು ಮತ್ತೆ ಮಂಡಿಯೂರಿ, ಎಡತೋಳಿನ ಹೊಲಿಗೆಯನ್ನೂ ಹರಿದು, ಅಲ್ಲಿಯೂ ಭುಜದವರೆಗೆ ಕೈ ಇಳಿಸಿ ಮೂಲೆಮೂಲೆ ತಡಕಿದ. ಏನೂ ಇರಲಿಲ್ಲ.

"ಸೋಫಾ ಹೀಗೇ ಇರ್ಲಿ ಮೇಡಂ, ಬಂದು ಸರಿ ಮಾಡ್ತೀನಿ."

"ಸೋಫಾ ಹಾಳಾಗ್ಲಿ, ಮೊದಲು ಹೋಗ್ರೀ," ಎಂದರು ಮೇಡಂ.

ದಾರಿಯುದ್ದಕ್ಕೂ ಅವನು ಅಂಗಿಯೊಳಗೆ ಮಾತಾಡುತ್ತಲೇ ಬಂದ. "ಸ್ವಲ್ಪ ತಡ್ಕೊ ಮರಿ, ಇಲ್ಲೇ ಬಂತು, ಇಲ್ಲೇ ಬಂತು." ಮನೆಯ ತಿರುವಿನಲ್ಲಿ ಎದೆಯ ಮೇಲೆ ಸೂಜಿಯ ಮೊನೆಯಷ್ಟು ಸಣ್ಣ ಉಗುರೊಂದು ಚುಚ್ಚಿತು. ಅವನು ಬಾಯಿಬಿಟ್ಟು ಅತ್ತೇಬಿಟ್ಟ.

ಅಕ್ಕ ಮರಿಯನ್ನು ಟವೆಲಿನಲ್ಲಿ ಹಿಡಿದು ಬೆನ್ನು ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಮೈ ಬೆಚ್ಚಗಾಗುವವರೆಗೂ ಬೆಕ್ಕಿಗೆ ತೋರಿಸಲಿಲ್ಲ. ಕೊನೆಗೆ ಅದು ಕುಂಯ್ ಎಂದಿತು. ಬೆಕ್ಕು ಅಕ್ಕನ ಮಡಿಲಿಗೇ ನುಗ್ಗಿ, ಮರಿಯನ್ನು ಕಸಿದುಕೊಂಡು ಪೆಟ್ಟಿಗೆಗೆ ಒಯ್ಯಿತು. ನೆಕ್ಕಿತು, ಉರುಳಿಸಿ ಮತ್ತೆ ನೆಕ್ಕಿತು. ಹೊಟ್ಟೆ ಚಾಚಿ ಮಲಗಿತು. ನಾಲ್ಕೂ ತಡಕಾಡಿ ಮೊಲೆಗೆ ಬಾಯಿ ಹಾಕಿದವು. ಅಕ್ಕ ತಮ್ಮ ಇಬ್ಬರೂ ಗೋಡೆಗೊರಗಿ ಕೂತರು.

ಬಹಳ ಹೊತ್ತಾಗಿರಲಿಲ್ಲ. ಬೆಕ್ಕು ಮೆಲ್ಲಗೆ ಎದ್ದು, ಮರಿಗಳನ್ನು ಬಿಟ್ಟು, ಬಾಗಿಲ ಕಡೆ ನಡೆಯಿತು.

ಇಬ್ಬರೂ ನೆಟ್ಟಗೆ ಕೂತರು.

"ಇನ್ನೂ ಇದೆಯಾ?" ಎಂದಳು ಅಕ್ಕ.

"ಇಲ್ಲಕ್ಕ. ಎರಡೂ ತೋಳು ಬಿಚ್ಚಿ ನೋಡಿದೀನಿ."

ಅವನು ಎರಡನೆಯ ಪ್ರಶ್ನೆಗೆ ಕಾದ. ಕೇಳಲಿ, ನೂರು ಸಲ ಬೇಕಾದರೂ ಕೇಳಲಿ ಅನ್ನಿಸಿತು. ಹಾಗೆ ಕೇಳಿಸಿಕೊಳ್ಳಬೇಕಾದ ತಪ್ಪನ್ನು ತಾನು ಮಾಡಿಯೇ ಇದ್ದ.

ಬಾಗಿಲ ಪಕ್ಕದಲ್ಲಿ ನೀರಿನ ಬಟ್ಟಲಿತ್ತು. ಬೆಳಗಿನಿಂದ ಒಂದು ತೊಟ್ಟು ಮುಟ್ಟದ ಬೆಕ್ಕು ಅದಕ್ಕೆ ಬಗ್ಗಿ ಕುಡಿಯತೊಡಗಿತು. ತೃಪ್ತಿಯಾಗುವಷ್ಟು ಕುಡಿದು, ಬಾಗಿಲನ್ನು ತಿರುಗಿಯೂ ನೋಡದೆ ಪೆಟ್ಟಿಗೆಗೆ ಹಿಂತಿರುಗಿತು.

ಅಕ್ಕ ಔಷಧಿಯ ಡಬ್ಬಿ ಎಳೆದುಕೊಂಡು ಅವನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಈ ಸಲ ಬ್ಯಾಂಡೇಜನ್ನು ತೆಳ್ಳಗೆ ಸುತ್ತಿದಳು. ಎರಡನೆಯ ಸಲ ಕೇಳಲಿಲ್ಲ.