ಎರಡು ದುಂಡನೆಯ ಸಹಿಗಳು

ಮೇಜಿನ ಕೆಳಗೆ ಕೌನ್ಸೆಲರ್ ಮೇಡಂ ಚಪ್ಪಲಿ ಬಿಟ್ಟು ಕೂತಿದ್ದಾರೆ, ಹೆಬ್ಬೆರಳಿನಿಂದ ಇನ್ನೊಂದು ಪಾದ ಕೆರೆದುಕೊಳ್ಳುತ್ತಿದ್ದಾರೆ, ತಲೆ ತಗ್ಗಿಸಿದವಳಿಗೆ ಕಾಣುವುದು ಅಷ್ಟೇ, ಅಯ್ಯೋ ಇವರಿಗೂ ಸೊಳ್ಳೆ ಕಚ್ಚುತ್ತಾ — ಏಳನೇ ಕ್ಲಾಸಿನಲ್ಲಿ ಇವರ ಬಗ್ಗೆ ಹುಟ್ಟಿದ ಪುರಾಣವೇ ಬೇರೆ, ಆ ರೂಮಿಗೆ ಹೋದವರ ಹೆಸರು ಫೈಲಿಗೆ ಬೀಳುತ್ತೆ ಕಣೇ, ಕೆಮ್ಮಿದ್ರೂ ಬರ್ಕೊಂಡು ಮನೆಗೆ ಫೋನ್ ಮಾಡ್ತಾರೆ, ಅಂದಿದ್ದಳು ಪಕ್ಕದ ಬೆಂಚಿನ ಗೆಳತಿ, ಹಾಗಾಗಿ ಗಣಿತದ ಸರ್ ಹೋಗಿ ಬಾ ಅಂದ ದಿನ ಬಾಯಿಗೆ ಬೀಗ ಹಾಕಿಕೊಂಡೇ ಬಂದದ್ದು, ಮೇಡಂ ಮಾತ್ರ ಅಂಕದ ಸುದ್ದಿ ಎತ್ತಲೇ ಇಲ್ಲ, ಐದನೇ ಕ್ಲಾಸಿನ ಪುಸ್ತಕ ತೆಗೆದು, ಭಿನ್ನರಾಶಿ ಎಲ್ಲಿ ಕೈಕೊಡ್ತು ಹುಡುಕೋಣ ಬಾ ಅಂದರು, ಮೂರು ವಾರ ಹುಡುಕಿದರು, ಸಿಕ್ಕಿತು, ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ಪಾಲು ಚಿಕ್ಕದಾಗುತ್ತೆ ಅನ್ನುವಲ್ಲಿ, ಥೂ ಇಷ್ಟೇನಾ, ಇಷ್ಟಕ್ಕೆ ಎರಡು ವರ್ಷ ಕುಂಟಿದ್ದಾ, ಅವಳು ನಕ್ಕುಬಿಟ್ಟಳು, ನಗುವಿನ ಜೊತೆಗೇ ಬೀಗವೂ ಕಳಚಿತು, ಮಾರ್ಕ್ಸ್ ಕಾರ್ಡಿನ ಸಹಿ ಅಮ್ಮಂದಲ್ಲ ಮೇಡಂ, ನಾನೇ ಹಾಕಿದ್ದು, ಎರಡು ಸಲ — ಈಗ ಫೋನ್ ಎತ್ತುತ್ತಾರೆ, ಈಗ ಎತ್ತುತ್ತಾರೆ, ಎತ್ತಲಿಲ್ಲ, ನಾನು ಹೇಳಲ್ಲ ಪುಟ್ಟಾ, ನೀನೇ ಹೇಳು, ಹೇಳುವಾಗ ನಾನು ಪಕ್ಕದಲ್ಲಿ ಕೂತಿರ್ತೀನಿ.

ಕೂತಿದ್ದಾರೆ, ಹೇಳಿದ ಹಾಗೇ, ಎದುರಿಗೆ ಅಮ್ಮ, ಹೊಲಿಗೆ ಅಂಗಡಿಯಿಂದ ನೇರ ಬಂದವಳು, ತೋಳಿಗೆ ನೀಲಿ ದಾರದ ಎಳೆ ಅಂಟಿದೆ, ಅದನ್ನು ತೆಗೆಯಬೇಕು ಅನಿಸುತ್ತದೆ, ಕೈ ಏಳುವುದಿಲ್ಲ, ಹೇಳಿ ಆಯಿತಲ್ಲ, ಹೇಳಿದ್ದು ತನ್ನ ದನಿಯೇನಾ, ಅಮ್ಮ ಕಾರ್ಡನ್ನು ಬಟ್ಟೆಯ ಹೊಲಿಗೆ ಪರೀಕ್ಷಿಸುವ ಹಾಗೆ ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ, ಫೇಲ್ ಆಗಿದ್ದಕ್ಕಲ್ಲ ಕಣೇ, ನನಗೆ ಹೆದರಿದ್ಯಲ್ಲ, ಅದಕ್ಕೆ ಹೊಟ್ಟೆ ಉರೀತಿದೆ, ಮೇಡಂ ನೀರಿನ ಲೋಟ ಇವಳತ್ತ ಸರಿಸಿದರು, ಅಷ್ಟೇ, ಆ ಕೈ ಇವಳ ಕುರ್ಚಿಯ ಬೆನ್ನಿಗೆ ಬಂದು ಕೂತಿತು, ಇವರನ್ನಾ ನಾವು ಪತ್ತೇದಾರಿ ಅಂದದ್ದು, ನಾಳೆ ಗೆಳತಿಗೆ ಹೇಳಬೇಕು, ನಂಬುತ್ತಾಳಾ, ನಂಬದಿದ್ದರೆ ಎಳೆದುಕೊಂಡೇ ಬರಬೇಕು, ಅವಳಿಗೂ ವಿಜ್ಞಾನ ಕೈಕೊಟ್ಟಿದೆ — ಅಷ್ಟರಲ್ಲಿ ಅಮ್ಮನ ತುಟಿಯ ತುದಿ ಅಲುಗಿತು, ನೋಡಿ ಮೇಡಂ, ನನ್ನ ಸಹಿ ಜನ್ಮದಲ್ಲಿ ಇಷ್ಟು ದುಂಡಗೆ ಬಂದಿಲ್ಲ, ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು, ಇವಳಿಗೆ ಅಳುವೋ ನಗುವೋ, ಎರಡೂ ಮೂಗಿನಿಂದಲೇ ಬಂತು, ಪೆನ್ ಕೊಡಿ ಅಂದಳು ಅಮ್ಮ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ಕೆಳಗೆ ಖಾಲಿ ಜಾಗ, ಎರಡು ದುಂಡನೆಯ ಸಹಿಗಳ ಕೆಳಗೆ ಓರೆಯಾಗಿ, ಅಂಕುಡೊಂಕಾಗಿ, ಇನ್ನೂ ಹಸಿಯಾಗಿ, ಅಮ್ಮನ ಹೆಸರು.